ಮುಸ್ಸಂಜೆಯ ಹಿತ್ತಿಲ ಬಾಗಿಲು

ಮನೆಯೊಳಗಿನ ಬೆಳಕನ್ನು ಫೋಟೋದಲ್ಲಿ ಹಿಡಿಯಬೇಕಾದರೆ ಮೊದಲು ಮನೆಯವರ ಕೈಯನ್ನು ಸ್ವಿಚ್ಚಿನಿಂದ ದೂರ ಇಡಬೇಕು. ಇಷ್ಟು ವರ್ಷಗಳಲ್ಲಿ ನಾನು ಕಲಿತ ಬೇರೆ ವಿದ್ಯೆಯೆಲ್ಲ ಇದರ ಮುಂದೆ ಏನೂ ಅಲ್ಲ. ಹಾಸನದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಸೀಮಂತ ಎಲ್ಲ ನಮ್ಮ ಯಜಮಾನರ ಪಾಲು. ಫ್ಲಾಶ್ ಇಲ್ಲದಿದ್ದರೆ ಅವರಿಗೆ ಕೈಕಾಲೇ ಆಡುವುದಿಲ್ಲ. ಗೃಹಪ್ರವೇಶವಾದ ಹೊಸ ಮನೆಗಳ ಒಳಗಿನ ಫೋಟೋ ಮಾತ್ರ ನನ್ನ ಪಾಲು. ನನಗೆ ಫ್ಲಾಶ್ ಕಂಡರಾಗದು.

ಒಮ್ಮೆ ಚನ್ನರಾಯಪಟ್ಟಣದ ಒಂದು ಹೊಸ ಮನೆಗೆ ಹೋಗಿದ್ದೆ. ಬೆಳಗಿನ ಹೊತ್ತು. ಪೂರ್ವದ ಕಿಟಕಿಯಿಂದ ಎಳೆಬಿಸಿಲು ಬಂದು ಖಾಲಿ ಗೋಡೆಯ ಮೇಲೆ ಕೂತಿತ್ತು. ಸರಳುಗಳ ನೆರಳು ಗೋಡೆಯ ಮೇಲೆ ಕಾಣದಷ್ಟು ಮೆಲ್ಲಗೆ ಜಾರುತ್ತಿತ್ತು. ಟ್ರೈಪಾಡ್ ಊರಿ, ಉಸಿರು ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮನೆಯ ಮಾಲೀಕರು ಓಡಿಬಂದು, "ಮೇಡಂ, ತಡೀರಿ ತಡೀರಿ" ಎಂದು ಪಟಪಟನೆ ಇದ್ದಬದ್ದ ಸ್ವಿಚ್ಚನ್ನೆಲ್ಲ ಒತ್ತಿದರು. ಮೇಲೆ ಸೂರಿನ ಸುತ್ತ ನೀಲಿ, ಗುಲಾಬಿ ದೀಪದ ಪಟ್ಟಿಗಳು ಹತ್ತಿಕೊಂಡವು. ನನ್ನ ಬಿಸಿಲು ಸತ್ತೇಹೋಯಿತು.

"ಸಾರ್, ದಯವಿಟ್ಟು ಆರಿಸಿ."

"ಅಯ್ಯೋ, ಅಷ್ಟೊಂದು ಖರ್ಚು ಮಾಡಿ ಹಾಕ್ಸಿದೀನಿ. ಫೋಟೋದಲ್ಲಿ ಬರ್ದಿದ್ರೆ ಎಂಗೆ?"

"ಕತ್ತಲ್ ಮನೆ ಕಟ್ಸವ್ರೆ ಅಂತ ಜನ ಆಡ್ಕೋತಾರೆ ಬೇರೆ" ಎಂದು ಅವರ ಹೆಂಡತಿ ಒಳಗಿನಿಂದಲೇ ದನಿಗೂಡಿಸಿದರು. ನಾನು ಜಗಳಕ್ಕೆ ಹೋಗಲಿಲ್ಲ. ಜಗಳಕ್ಕೆ ಹೋದರೆ ಗಿರಾಕಿ ಹೋಗುತ್ತದೆ ಎಂದು ಯಜಮಾನರು ನೂರು ಸಲ ಹೇಳಿ ಕಳಿಸಿರುತ್ತಾರೆ. ಅವರಿಬ್ಬರೂ ಕಾಫಿ ತರಲು ಒಳಗೆ ಹೋಗುವುದನ್ನೇ ಕಾದು, ಕಳ್ಳಿಯ ಹಾಗೆ ಎಲ್ಲವನ್ನೂ ಆರಿಸಿ, ನನ್ನ ಫೋಟೋ ತೆಗೆದುಕೊಂಡೆ.

ಕಣ್ಣು ಬಹಳ ಒಳ್ಳೆಯದು, ಆದರೆ ಸುಳ್ಳು ಹೇಳುತ್ತದೆ. ಕೆಂಪು ಗಾರೆಯ ನೆಲದ ಮೇಲೆ ಬಿಸಿಲು ಬಿದ್ದರೆ ಪಕ್ಕದ ಬಿಳಿ ಗೋಡೆಯೂ ಕೆಂಪಾಗುತ್ತದೆ. ಆದರೆ ನಾವು ಅದನ್ನು ನೋಡುವುದಿಲ್ಲ. 'ಗೋಡೆ ಬಿಳಿ' ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿರುತ್ತದೆ. ಕ್ಯಾಮೆರಾಕ್ಕೆ ಅಂಥ ದಾಕ್ಷಿಣ್ಯ ಇಲ್ಲ. ಅದು ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ. ಅದಕ್ಕೇ ನನಗೆ ಈ ಹುಚ್ಚು ಹತ್ತಿದ್ದು. ಗಿರಾಕಿಗಳ ಮನೆ ಮುಗಿದ ಮೇಲೂ ನಾನು ನಮ್ಮ ಮನೆಯ ಬಚ್ಚಲ ಕಿಟಕಿ, ಪಾತ್ರೆಯ ಗೂಡು, ಮಡಚಿಟ್ಟ ಚಾಪೆ, ಇವುಗಳ ಮುಂದೆ ಕೂತುಬಿಡುತ್ತಿದ್ದೆ. "ಒಲೆ ಮೇಲೆ ಹಾಲು ಉಕ್ತಾ ಐತೆ ಕಣೇ" ಎಂದು ಯಜಮಾನರು ಕೂಗಿದರೆ ಹಾಲಿನ ಮೇಲಿನ ಬೆಳಕು ಹೇಗಿದೆ ಎಂದು ನೋಡಲು ಹೋಗುವವಳು ನಾನು.

ನನ್ನ ತವರು ಹೊಳೆನರಸೀಪುರ. ಊರಿನ ಅಂಚಿಗೆ, ಹೊಳೆಗೆ ಬೆನ್ನು ಮಾಡಿ ನಿಂತ ಹೆಂಚಿನ ಮನೆ. ಅಲ್ಲಿ ಅವ್ವ, ನನ್ನ ತಮ್ಮ, ತಮ್ಮನ ಹೆಂಡತಿ ಇದ್ದಾರೆ. ತಮ್ಮ ಗದ್ದೆಯನ್ನೂ ನೋಡಿಕೊಂಡು ಪೇಟೆಯಲ್ಲಿ ಗೊಬ್ಬರದ ಅಂಗಡಿಯನ್ನೂ ನಡೆಸುತ್ತಾನೆ. ಆ ಮನೆಯಲ್ಲಿ ಮುಂಬಾಗಿಲು, ನಡುಮನೆಯ ಬಾಗಿಲು, ಅಡುಗೆಮನೆಯ ಬಾಗಿಲು, ಹಿತ್ತಿಲ ಬಾಗಿಲು ಎಲ್ಲ ಒಂದೇ ನೇರಕ್ಕಿವೆ. ಮುಂದಿನದು ಮೂಡಲಿಗೆ, ಹಿಂದಿನದು ಪಡುವಲಿಗೆ, ಕೊಂಚ ತೆಂಕಲಿಗೆ ವಾಲಿ. ಮಾಗಿಯ ದಿನಗಳಲ್ಲಿ ಹೊತ್ತು ಮುಳುಗುವ ಮುಂಚೆ ಸೂರ್ಯ ಸರಿಯಾಗಿ ಹಿತ್ತಿಲ ಬಾಗಿಲ ಎದುರಿಗೆ, ಹೊಳೆಯಾಚೆಯ ತೆಂಗಿನ ಸಾಲಿನ ಮೇಲೆ ಬರುತ್ತಾನೆ.

ಆದರೆ ಆ ಬೆಳಕನ್ನು ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಿಲ ಬಾಗಿಲು ಮುಚ್ಚಿರಬೇಕು. ಲಕ್ಷ್ಮಿ ಮುಂದಿನಿಂದ ಒಳಗೆ ಬರುತ್ತಾಳೆ. ಹಿಂದಿನ ಬಾಗಿಲು ತೆರೆದಿದ್ದರೆ ಬಂದವಳು ಹಾಗೆಯೇ ಹಾದು ಹೋಗಿಬಿಡುತ್ತಾಳೆ ಎಂಬ ನಂಬಿಕೆ. ಅವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ದನ ಕಟ್ಟಲು ಹೋದ ನಮ್ಮಪ್ಪ ತಡವಾಗಿ ಬಂದರೆ ಅವರೂ ಹಿತ್ತಿಲು ಸುತ್ತಿ ಮುಂದಿನಿಂದಲೇ ಬರಬೇಕಿತ್ತು. ಹಿತ್ತಿಲ ಬಾಗಿಲ ಅಗುಳಿ ಬಿದ್ದ ಮೇಲೆ ಅವ್ವ ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಟ್ಯೂಬ್‌ಲೈಟ್ ಹಾಕಿ, ಅದಕ್ಕೂ ಕೈ ಮುಗಿಯುವಳು. ಟ್ಯೂಬ್‌ಲೈಟಿಗೆ ಯಾಕವ್ವ ಕೈ ಮುಗೀತೀಯ ಎಂದರೆ, "ಬೆಳ್ಕು ಬೆಳ್ಕೇ ಕಣೆ, ಅದ್ರಲ್ಲೇನು ಮೇಲು ಕೀಳು" ಎನ್ನುವಳು. ನನಗೆ ಆಗ ನಗು ಬರುತ್ತಿತ್ತು.

ಒಂದು ಮಾಗಿಯಲ್ಲಿ ಅವರೆಕಾಯಿಯ ಕಾಲಕ್ಕೆ ತವರಿಗೆ ಹೋದೆ. ಹಾಸನದ ಬಸ್ಸು ತಡವಾಗಿ, ನಾನು ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮುಂಬಾಗಿಲ ಹೊಸ್ತಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಹಿತ್ತಿಲ ಬಾಗಿಲು ಪೂರ್ತಿ ತೆರೆದಿತ್ತು. ಅಲ್ಲಿಂದ ಹೊರಟ ಬಿಸಿಲುಕೋಲು ಅಡುಗೆಮನೆ ದಾಟಿ, ನಡುಮನೆ ದಾಟಿ, ನನ್ನ ಕಾಲ ಬೆರಳಿನವರೆಗೆ ಬಂದಿತ್ತು. ಕೆಂಪು ಗಾರೆಯ ನೆಲ ಒಳಗಿನಿಂದ ಯಾರೋ ದೀಪ ಹಚ್ಚಿಟ್ಟ ಹಾಗೆ ಕಂಡಿತು. ಗೋಡೆಗಳೆಲ್ಲ ಹಣ್ಣಿನ ಬಣ್ಣವಾಗಿದ್ದವು. ಒಲೆಯ ಹೊಗೆ ಬೆಳಕಿಗೆ ಸಿಕ್ಕಿದಲ್ಲಿ ಮಾತ್ರ ಕಾಣುತ್ತಿತ್ತು, ಆಮೇಲೆ ಇಲ್ಲವಾಗುತ್ತಿತ್ತು. ಆ ಬೆಳಕಿನ ನಡುವೆ, ಹಿತ್ತಿಲ ಬಾಗಿಲಿಗೆ ಬೆನ್ನು ಮಾಡಿ, ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳ ಬಿಳಿಯ ತಲೆಯ ಸುತ್ತ ಒಂದೊಂದು ಕೂದಲೂ ಎಣಿಸುವ ಹಾಗೆ ಹೊಳೆಯುತ್ತಿತ್ತು. ನಾನು ಹುಟ್ಟಿದ ಮನೆಯನ್ನು ನಾನು ಅವತ್ತೇ ಮೊದಲು ನೋಡಿದ್ದು ಅನ್ನಿಸಿತು. ಎಚ್ಚರವಾದರೆ ಕನಸು ಹೋಗಿಬಿಡುತ್ತದಲ್ಲ, ಆ ಭಯಕ್ಕೆ ಮಾತಾಡಿಸದೆ ನಿಂತಿದ್ದೆ.

"ಯಾರು? ಮಗಾ?" ಎಂದಳು ಅವ್ವ. ಹೆಣ್ಣುಮಕ್ಕಳನ್ನೂ ಅವಳು ಕರೆಯುವುದು ಮಗ ಎಂದೇ.

"ಅವ್ವ, ಮುಸ್ಸಂಜೇಲಿ ಹಿತ್ಲು ಬಾಗ್ಲು ತೆಗೆದಿಟ್ಟಿದ್ದೀಯಲ್ಲ!"

ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ, "ಇರ್ಲಿ ಬುಡು. ನಿಂಗೆ ಫೋಟೋ ತೆಗ್ಯಕ್ಕೆ ಇಂಥ ಬೆಳ್ಕು ಬೇಕಲ್ವಾ" ಎಂದಳು.

ನನ್ನ ಎದೆ ತುಂಬಿಹೋಯಿತು. ನನಗಾಗಿ, ನನ್ನ ಹುಚ್ಚಿಗಾಗಿ, ಅವ್ವ ಲಕ್ಷ್ಮಿಯನ್ನೇ ಪಣಕ್ಕಿಟ್ಟಿದ್ದಾಳೆ ಎಂದುಕೊಂಡೆ. ಆ ವಾರದಿಂದ ಪ್ರತಿ ಶನಿವಾರ ಬಸ್ಸು ಹತ್ತಿದೆ. ಸಂಜೆ ಮೂಲೆಯಲ್ಲಿ ಟ್ರೈಪಾಡ್ ಊರಿ ಕೂತರೆ ಅವ್ವ ತನ್ನ ಪಾಡಿಗೆ ತಾನು ಅಡುಗೆ ಮಾಡುವಳು. ಅವಳ ಕೈ ಬೆಳಕಿನೊಳಗೆ ಬರುತ್ತಿತ್ತು, ಹೋಗುತ್ತಿತ್ತು. ಮನೆಯಲ್ಲಿ ಮಾತಿರಲಿಲ್ಲ, ಸೌದೆಯ ಸದ್ದು, ನನ್ನ ಕ್ಯಾಮೆರಾದ ಸದ್ದು, ಅಷ್ಟೇ. ಗ್ಯಾಸ್ ಇದ್ದರೂ ಹಿಟ್ಟು ಬೇಯಿಸುವುದು ಮಾತ್ರ ಸೌದೆ ಒಲೆಯಲ್ಲೇ. ನಮ್ಮ ಮನೆಯಲ್ಲಿ ಮುದ್ದೆಗೆ ಹಿಟ್ಟು ಎನ್ನುವುದೇ ರೂಢಿ. ಮನೆಮಂದಿಗೆಲ್ಲ ಕೋಲು ಹಿಡಿದು ಹಿಟ್ಟು ತೊಳಸುವವಳು ಯಾರೋ ಅವಳದೇ ಅಡುಗೆಮನೆ. ಹಿಟ್ಟಿನ ಕೋಲು ಅವ್ವನ ಕೈಗೆ ಬಂದಾಗಿನಿಂದ ಬೇರೆಯವರ ಕೈಗೆ ಹೋಗಿರಲಿಲ್ಲ.

ಹೀಗೆ ಬೆಳಕಿನೊಳಗೆ ತೇಲಿಕೊಂಡಿದ್ದವಳನ್ನು ನೆಲಕ್ಕೆ ಇಳಿಸಿದ್ದು ತಮ್ಮನ ಹೆಂಡತಿ. ಅವಳು ಅರಕಲಗೂಡಿನ ಕಡೆಯವಳು. ಮಾತು ಕಡಿಮೆ, ಕೆಲಸ ಜಾಸ್ತಿ. ಒಂದು ಶನಿವಾರ ನನ್ನನ್ನು ಜಗಲಿಗೆ ಕರೆದು ಮೆಲ್ಲಗೆ ಹೇಳಿದಳು.

"ಅಕ್ಕ, ಬ್ಯಾಸರ ಮಾಡ್ಕಬೇಡಿ. ನೀವು ಬರ್ದಿದ್ದಾಗ್ಲೂ ಅತ್ತೆ ಹಿತ್ಲು ಬಾಗ್ಲು ತೆಗೆದೇ ಇಡ್ತಾರೆ. ಲೈಟ್ ಹಾಕಿದ್ರೆ 'ಇನ್ನೂ ಬೆಳ್ಕೈತೆ, ಕರೆಂಟ್ ಯಾಕ್ ಸುಡ್ತೀಯ' ಅಂತ ಆರಿಸ್ತಾರೆ. ಮೊನ್ನೆ ರಾತ್ರಿ ಗೋಡೇಲಿ ನೇತಾಕಿದ್ದ ಇವ್ರ ಜರ್ಕಿನ್‌ನ ಮಾತಾಡಿಸ್ತಾವ್ರೆ, 'ಕಾಫಿ ಕುಡೀತೀಯೇನ್ಲಾ' ಅಂತ."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

"ನಗೋ ಮಾತಲ್ಲ ಅಕ್ಕ. ಒಂದಿನ ಅಕ್ಕಿ ಹಿಟ್ಟು ಅಂತ ರಂಗೋಲಿ ಪುಡಿ ಕಲಸ್ಬುಟ್ಟಿದ್ರು ರೊಟ್ಟಿಗೆ. ನಾನು ನೋಡ್ದೆ, ಸರಿಹೋಯ್ತು. ಒಲೆ ಮುಂದೆ ಬುಡಕ್ಕೆ ಭಯ ಆಯ್ತದೆ."

ತಮ್ಮ ಅಂಗಡಿಯಿಂದ ಬಂದವನು ಅದನ್ನೇ ಹೇಳಿದ. "ಅರಳು ಮರಳು ಕಣಕ್ಕ. ವಯಸ್ಸಾಯ್ತಲ್ಲ. ಸಂಕ್ರಾಂತಿ ಕಳೀಲಿ, ಒಲೆ ಕೆಲ್ಸ ಇವ್ಳೇ ನೋಡ್ಕತಾಳೆ. ಅವ್ವ ನಡುಮನೇಲಿ ಟೀವಿ ನೋಡ್ಕಂಡು ಆರಾಮಾಗಿರ್ಲಿ."

ಒಳಗೆ ಕೂತಿದ್ದ ಅವ್ವನಿಗೆ ಕೇಳಿಸಿತು. ಕಿವಿ ಚುರುಕು. ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದು ಬಾಗಿಲವಾಡ ಹಿಡಿದು ನಿಂತಳು. "ಒಲೆ ಮುಂದಿಂದ ಎಬ್ಬಿಸ್ಬುಟ್ರೆ ನಾನು ಇನ್ಯಾತಕ್ಕೆ ಇರ್ಬೇಕ್ಲಾ?" ಎಂದಳು. ಅವಳಿಗೆ ಇದ್ದದ್ದು ಅದೊಂದೇ ರಾಜ್ಯ. ಅದನ್ನು ಕಿತ್ತುಕೊಂಡರೆ ಅವ್ವ ಉಳಿಯುವುದಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಹಾಸನಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಉದ್ದಕ್ಕೂ ಅಳುತ್ತ ಬಂದೆ.

ಆ ವಾರ ಸ್ಟುಡಿಯೋದಲ್ಲಿ ಅಲ್ಲಿಯವರೆಗೆ ತೆಗೆದ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದೆ. ಯಜಮಾನರು ಟೀ ಹಿಡಿದುಕೊಂಡು ಹಿಂದೆ ಬಂದು ನಿಂತರು.

"ನಿಮ್ಮವ್ವ ಫೋಟೋಗ್ರಾಫರ್ ಆಗ್ಬೇಕಿತ್ತು ಕಣೇ. ನಿನಗಿಂತ ವಾಸಿ."

"ಯಾಕ್ರೀ?"

"ನೋಡು ಎಂಗೆ ಜೋಡ್ಸವ್ರೆ. ಬಿಳೀದೆಲ್ಲ ಕರೀದ್ರಲ್ಲಿ, ಕರೀದೆಲ್ಲ ಬಿಳೀದ್ರಲ್ಲಿ."

ನೋಡಿದೆ. ನಿಜವೇ. ಉಪ್ಪು ಕಪ್ಪು ಕಲ್ಲಿನ ಮರಿಗೆಯಲ್ಲಿತ್ತು. ಅಕ್ಕಿ ಮಸಿ ಹಿಡಿದ ಕಬ್ಬಿಣದ ಬಾಣಲೆಯಲ್ಲಿತ್ತು. ರಾಗಿ ಹಿಟ್ಟು ಬಿಳಿಯ ಪಿಂಗಾಣಿ ಬೋಗುಣಿಯಲ್ಲಿ, ಹುಣಸೆಹಣ್ಣು ಬಿಳಿಯ ತಟ್ಟೆಯಲ್ಲಿ. ಒಂದರ ಅಂಚು ಇನ್ನೊಂದರ ಮೇಲೆ ಎದ್ದು ಕಾಣುವ ಹಾಗೆ. ನಾವು ಫೋಟೋಕ್ಕೆ ವಸ್ತು ಜೋಡಿಸುವಾಗ ಮಾಡುವುದೂ ಇದನ್ನೇ. ಎಲ್ಲವೂ ಹಿತ್ತಿಲ ಬಾಗಿಲಿನಿಂದ ಬರುವ ಬೆಳಕಿನ ದಾರಿಯಲ್ಲಿ ಸಾಲಾಗಿ ಇದ್ದವು. ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಆಮೇಲೆ ಅವಳ ಕೈಗಳನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಫೋಟೋದಲ್ಲೂ ಅವಳ ಹೆಬ್ಬೆರಳು ಪಾತ್ರೆಯ ಬಾಯಿಯ ಅಂಚನ್ನು ತಡವುತ್ತಿತ್ತು. ಕಣ್ಣು ಕೈಯ ಕಡೆ ಇರಲೇ ಇಲ್ಲ. ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ಅವ್ವ ನನ್ನನ್ನು ನೋಡಿರಲಿಲ್ಲ.

ಅವ್ವನಿಗೆ ಅರಳು ಮರಳಲ್ಲ. ಅವ್ವನಿಗೆ ಕಣ್ಣು ಕಾಣುತ್ತಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಬೆಳಕಿನ ಹಿಂದೆ ಓಡಾಡುವ ನನ್ನ ಮನೆಯಲ್ಲೇ ಹೀಗೆ.

ಶನಿವಾರಕ್ಕೆ ಕಾಯಲಿಲ್ಲ. ಮಾರನೆಯ ದಿನವೇ ಹೋಗಿ ಹಿತ್ತಿಲಲ್ಲಿ ಅವಳ ಪಕ್ಕ ಕೂತೆ. ಮಧ್ಯಾಹ್ನ. ತಮ್ಮ ಅಂಗಡಿಯಲ್ಲಿದ್ದ, ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು.

"ಅವ್ವ, ಕಣ್ಣಿಗೆ ಪೊರೆ ಬಂದು ಎಷ್ಟು ದಿನ ಆಯ್ತು?"

ಸುಳ್ಳು ಹೇಳುತ್ತಾಳೋ ಏನೋ ಎಂದುಕೊಂಡೆ. ಹೇಳಲಿಲ್ಲ.

"ಮೆಲ್ಲ ಯೋಳೇ. ಅವಳಿಗೆ ಕೇಳಿಸ್ತದೆ" ಎಂದಳು. "ಟ್ಯೂಬ್‌ಲೈಟು ಹಾಕಿದ್ರೆ ಕಣ್ ಮುಂದೆ ಮಂಜು ಸುರಿದಂಗೆ ಆಯ್ತದೆ. ಎಲ್ಲ ಬೆಳ್ಳಗೆ. ಏನೂ ಕಾಣಕ್ಕಿಲ್ಲ. ಆ ಬಾಗ್ಲು ಬೆಳ್ಕು ಬೆನ್ನಿಂದ, ಓರೇಲಿ ಬಂದ್ರೆ ಪಾತ್ರೆ ಅಂಚು ಒಸಿ ಗೊತ್ತಾಯ್ತದೆ. ಅದ್ಕೇ ತೆಗೆದಿಡ್ತೀನಿ. ಲಕ್ಷ್ಮಿಗೆ ಕೈ ಮುಗ್ದು ಯೋಳ್ಕಂಡಿದ್ದೀನಿ, ಒಸಿ ದಿನ ಸೈಸ್ಕೊ ತಾಯಿ ಅಂತ."

"ಆ ರಂಗೋಲಿ ಪುಡಿ?"

"ಅವಳು ಪಾಪ, ಅರಕಲಗೂಡಿಂದ ಸ್ಟೀಲ್ ಡಬ್ಬ ತಂದು ಎಲ್ಲ ಒಂದೇ ತರ ಇಟ್ಬುಟ್ಳು. ಥಳಥಳ ಅಂತವೆ. ಯಾವ್ದು ಯಾವ್ದು ಅಂತ ಎಂಗೆ ಯೋಳನೆ? ಅದ್ಕೇ ನನ್ನ ಅಳೇ ಪಾತ್ರೆ ಎಲ್ಲ ಮತ್ತೆ ಈಚೆಗೆ ತಗ್ದಿದ್ದು."

"ಮತ್ತೆ ಯಾಕವ್ವ ಬಾಯ್ ಬಿಡ್ಲಿಲ್ಲ? ನಿನ್ನ ಮರುಳು ಅಂತಾವ್ರಲ್ಲ!" ನನಗೆ ಸಿಟ್ಟು ಬಂದುಬಿಟ್ಟಿತ್ತು. "ಹಾಸನದಲ್ಲಿ ಒಂದಿನದ ಆಪರೇಷನ್. ಊರಿಗೆಲ್ಲ ಮಾಡ್ತಾರೆ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮತ್ತೆಗೂ ಮಾಡ್ಸಿದ್ದೋ. ಒಗೆ ತಾಗ್ಬಾರ್ದು, ಉರಿ ನೋಡ್ಬಾರ್ದು ಅಂತ ಡಾಕ್ಟ್ರು ಯೋಳುದ್ರು. ಆವಮ್ಮನ್ನ ನಡುಮನೇಲಿ ಕೂರ್ಸಿ ಇಟ್ಟಿನ ಕೋಲು ಇಸ್ಕಂಡೆ. ನಾನೇ ಇಸ್ಕಂಡಿದ್ದು. ಕಣ್ಣು ಸರ್ಯಾಯ್ತು, ಚೆನ್ನಾಗೂ ಕಂಡ್ತು. ಕೋಲು ಮಾತ್ರ ಮತ್ತೆ ಆವಮ್ಮನ ಕೈಗೆ ಓಗ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು, ನನ್ನ ಮುಖಕ್ಕಿಂತ ಒಂಚೂರು ಆಚೆ ನೋಡುತ್ತ. "ಕುರುಡಿ ಅಂದ್ರೆ ಇವತ್ತೇ ಎಬ್ಬಿಸ್ತಾರೆ ಕಣೆ. ಮರುಳು ಅಂದ್ರೆ ಸಂಕ್ರಾಂತಿ ಗಂಟ ತಡೀತಾರೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಳುತ್ತೇನೆ ಎಂದೆ. ಬೇಡ ಎಂದಳು. ಹೇಳದಿದ್ದರೆ ಹೇಗೂ ಕೋಲು ಹೋಗುತ್ತದೆ, ಹೇಳಿದರೆ ಕಣ್ಣಾದರೂ ಉಳಿಯುತ್ತದೆ ಎಂದು ವಾದ ಮಾಡಿದೆ. ಕೊನೆಗೆ, "ಏನಾರ ಮಾಡ್ಕೊ. ನಿಮ್ಮಪ್ಪನ ತರ ಅಟ ನಿಂದು" ಎಂದು ಎದ್ದು ಒಳಗೆ ಹೋದಳು. ಅದೇ ಅವಳ ಒಪ್ಪಿಗೆ.

ಬಾಯಲ್ಲಿ ಹೇಳಿದರೆ ತಮ್ಮ ನಂಬುವವನಲ್ಲ. ನಾನು ಹಾಲಿನ ಪ್ಯಾಕೆಟ್ಟಿನ ಕವರೊಂದನ್ನು ಕತ್ತರಿಸಿ, ತೊಳೆದು, ಒರೆಸಿ ಇಟ್ಟುಕೊಂಡೆ. ಸಂಜೆ ಅವನು ಬಂದು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಗ ಟ್ಯೂಬ್‌ಲೈಟ್ ಹಾಕಿ, ಆ ಕವರನ್ನು ಲೆನ್ಸಿಗೆ ಅಡ್ಡ ಹಿಡಿದು ಅವನದೊಂದು ಫೋಟೋ ತೆಗೆದೆ. ಪಕ್ಕದಲ್ಲೇ ನೇತುಹಾಕಿದ್ದ ಅವನ ಜರ್ಕಿನ್ನಿನದೂ ಒಂದು ತೆಗೆದೆ. ಎರಡನ್ನೂ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅವನಿಗೆ ತೋರಿಸಿದೆ.

"ಏನಕ್ಕ ಇದು? ಎಲ್ಲ ಬೆಳ್ಳಗೆ. ಯಾವ್ದು ನಾನು?"

"ನೀನೇ ಹೇಳು."

ಅವನು ಹಿಂದೆ ಮುಂದೆ ಮಾಡಿ ನೋಡಿದ. ಎರಡರಲ್ಲೂ ಬಿಳಿಯ ಮಂಜಿನೊಳಗೆ ಒಂದು ಕಂದು ಮಬ್ಬು, ಅಷ್ಟೇ. ಅವನಿಗೆ ತನ್ನನ್ನು ತಾನೇ ಗುರುತಿಸಲಾಗಲಿಲ್ಲ. ಆಮೇಲೆ ಅರ್ಥವಾಯಿತು. ಲೋಟವನ್ನು ಕೆಳಗಿಟ್ಟ.

"ಅವ್ವ ನನ್ನ ಇಂಗ್ ನೋಡ್ತಾವ್ಳಾ?" ಎಂದ. ಅಷ್ಟು ದೊಡ್ಡ ಗಂಡಸು, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅವನ ಹೆಂಡತಿ ಬಂದು ನೋಡಿ, ವಿಷಯ ತಿಳಿದು, ಗೂಡಿನಲ್ಲಿದ್ದ ಸ್ಟೀಲ್ ಡಬ್ಬಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಯಾರೂ ಅವಳನ್ನು ಏನೂ ಅಂದಿರಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅತ್ತೆ," ಎಂದಳು ಅವಳು ನಡುಮನೆಯ ಕಡೆ ತಿರುಗಿ, "ನೀವು ಓಗಿ ಕಣ್ಣು ಸರಿ ಮಾಡಿಸ್ಕಂಡ್ ಬನ್ನಿ. ಇಟ್ಟಿನ ಕೋಲು ಇದ್ದಲ್ಲೇ ಇರ್ತದೆ. ನೀವು ಬರೋಗಂಟ ನಾನು ಮುಟ್ಟಕ್ಕಿಲ್ಲ."

"ಆಗ ಎಲ್ರೂ ಅಂಗೇ ಅಂತಾರೆ" ಎಂದು ಕತ್ತಲಿನೊಳಗಿಂದ ಅವ್ವನ ದನಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಹಾಸನದಲ್ಲಿ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಹನಿ ಹಾಕಿ, ದೊಡ್ಡ ಕರಿ ಕನ್ನಡಕ ಕೊಟ್ಟು ಕಳಿಸಿದರು. ನನ್ನ ಮನೆಯಲ್ಲಿ ಇದ್ದುಬಿಡು ಎಂದರೆ ಅವ್ವ ಕೇಳಲಿಲ್ಲ. ತಮ್ಮ ಕಾರಿನಲ್ಲಿ ಅವತ್ತೇ ಊರಿಗೆ ಕರೆದುಕೊಂಡು ಹೋದ. ಕೆಲವು ವಾರ ಕನ್ನಡಕ ಬೇಕು, ಹೊಗೆ ತಾಗಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ಅವ್ವ ಅದನ್ನು ವ್ರತದ ಹಾಗೆ ಹಿಡಿದಳು. ಕನ್ನಡಕವನ್ನು ತೆಗೆಯುವುದೇ ಇಲ್ಲ, ಅದರ ಹಿಂದೆಯೂ ಕಣ್ಣು ಬಿಡುವುದಿಲ್ಲ. ಹನಿ ಹಾಕುವಾಗಲೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ರೆಪ್ಪೆಯನ್ನು ಸೊಸೆಯೇ ಬಿಡಿಸಬೇಕು. ತೆಗೆಯುವುದಿದ್ದರೆ ಡಾಕ್ಟರು ಹೇಳಿದ ದಿನ ಕಳೆದ ಮೇಲೆ ಒಂದು ಶುಕ್ರವಾರ, ಸಂಜೆ, ದೀಪ ಹಚ್ಚುವ ಹೊತ್ತಿಗೆ ತೆಗೆಯುತ್ತೇನೆ ಎಂದಳು. ನೋಡಿ ನಿರಾಸೆಯಾಗುವುದನ್ನು ಮುಂದೂಡುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಕಣ್ಣು ಕಂಡರೂ ಕೋಲು ಸಿಗದಿದ್ದರೆ?

ಆ ಶುಕ್ರವಾರ ನಾನೂ ಹೋದೆ. ಮಾಗಿ ಮುಗಿಯುತ್ತ ಬಂದಿತ್ತು. ಸೂರ್ಯ ಬಾಗಿಲ ನೇರದಿಂದ ಸರಿಯಲು ಹೆಚ್ಚು ದಿನ ಇರಲಿಲ್ಲ. ನನಗೊಂದು ಆಸೆ. ಅವ್ವ ಕಣ್ಣು ಬಿಟ್ಟು ಮೊದಲು ನೋಡುವುದು ಆ ಬೆಳಕನ್ನೇ ಆಗಬೇಕು. ಅಷ್ಟು ದಿನ ಅವಳ ಕೈ ಹಿಡಿದು ನಡೆಸಿದ್ದು ಅದು. ಆ ಗಳಿಗೆಯಲ್ಲಿ ಅವಳ ಮುಖದ ಫೋಟೋ ನನಗೆ ಬೇಕಿತ್ತು. ನನ್ನ ಜೀವಮಾನದ ಫೋಟೋ ಅದು ಎಂದು ಮನಸ್ಸಿನಲ್ಲೇ ಚೌಕಟ್ಟು ಹಾಕಿಸಿಟ್ಟಿದ್ದೆ. ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆದು, ಒಲೆಯ ಪಕ್ಕ ಟ್ರೈಪಾಡ್ ಊರಿ, ಕಾದೆ.

ಬೆಳಕು ಬಂತು. ಹೊಸ್ತಿಲು ಹತ್ತಿ, ನೆಲಕ್ಕೆ ಇಳಿದು, ಮೆಲ್ಲಮೆಲ್ಲಗೆ ಅಡುಗೆಮನೆಯನ್ನೆಲ್ಲ ತುಂಬಿತು. ಹಿಟ್ಟಿನ ಕೋಲು ಒಲೆಯ ಮೇಲಿನ ಮೊಳೆಯಲ್ಲಿ ಇದ್ದಲ್ಲೇ ಇತ್ತು. ಅದರ ಮೇಲೆ ತೆಳ್ಳಗೆ ದೂಳು ಕೂತಿತ್ತು. ತಮ್ಮನ ಹೆಂಡತಿ ಇಷ್ಟು ದಿನವೂ ದೊಡ್ಡ ಸೌಟಿನ ಹಿಡಿಯಲ್ಲೇ ಹಿಟ್ಟು ತೊಳಸಿದ್ದಳು. ಗಂಟು ಗಂಟು ಹಿಟ್ಟು ಎಂದು ತಮ್ಮ ಗೊಣಗಿದರೂ ಅವಳು ಕೋಲು ಮುಟ್ಟಿರಲಿಲ್ಲ.

ಅವಳೇ ಅವ್ವನ ಕೈಹಿಡಿದು ಒಳಗೆ ಕರೆತಂದಳು. ಅವ್ವ ಅಡುಗೆಮನೆಯ ನಡುವೆ ನಿಂತು, ಎರಡು ಕೈಯಲ್ಲೂ ಹಿಡಿದು ಕನ್ನಡಕ ತೆಗೆದಳು. ಕಣ್ಣು ಮುಚ್ಚಿದ್ದವು. ಆಮೇಲೆ ಬಿಟ್ಟಳು.

ನಾನು ಬೆರಳನ್ನು ಗುಂಡಿಯ ಮೇಲಿಟ್ಟಿದ್ದೆ. ಅವ್ವ ಮೊದಲು ಗೋಡೆ ನೋಡಿದಳು. "ಇದೇನೆ ಇಷ್ಟು ಮಸಿ!" ಎಂದಳು. ಸೂರು ನೋಡಿದಳು. "ಜೇಡರ ಬಲೆ." ಮೊಳೆ ನೋಡಿದಳು. ಕೋಲಿನ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು, ಆ ದೂಳನ್ನು ಅವಳು ಕಂಡಳು, ನನಗೆ ಗೊತ್ತು. ಆಮೇಲೆ ತಿರುಗಿ ಹಿತ್ತಿಲ ಬಾಗಿಲು ನೋಡಿದಳು.

"ಮುಸ್ಸಂಜೇಲಿ ಹಿತ್ಲು ಬಾಗ್ಲು ತೆಗೆದೋರ್ ಯಾರು?"

"ನಾನೇ ಅವ್ವ, ಫೋಟೋ..."

"ಫೋಟೋನೂ ಇಲ್ಲ ಗೀಟೋನೂ ಇಲ್ಲ. ಶುಕ್ರವಾರ ಬೇರೆ!" ಯಾರ ಕೈಯೂ ಹಿಡಿಯದೆ, ಏನನ್ನೂ ತಡವದೆ, ದಡದಡ ನಡೆದು ಹೋಗಿ ಬಾಗಿಲು ದೂಡಿ ಅಗುಳಿ ಹಾಕಿದಳು. ಅಷ್ಟೂ ಬೆಳಕು ಒಂದೇ ಏಟಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕತ್ತಲಲ್ಲಿ ಅವಳು ದೇವರ ಗೂಡಿನ ಮುಂದೆ ದೀಪ ಹಚ್ಚುವುದು ಕಾಣಿಸಿತು. ಆಮೇಲೆ ಟಕ್ ಎಂದು ಟ್ಯೂಬ್‌ಲೈಟ್ ಹತ್ತಿತು. ಅವ್ವ ಅದಕ್ಕೂ ಕೈ ಮುಗಿದಳು. ನನಗೆ ನಗು ಬರಲಿಲ್ಲ.

ಆಮೇಲೆ ಅವಳು ನನ್ನ ಹತ್ತಿರ ಬಂದಳು. ನನ್ನ ಗಲ್ಲ ಹಿಡಿದು, ನಾನು ವರ್ಷಗಟ್ಟಲೆ ಬೈದುಕೊಂಡು ಬಂದ ಆ ಟ್ಯೂಬ್‌ಲೈಟಿನ ಕಡೆಗೆ ನನ್ನ ಮುಖವನ್ನು ತಿರುಗಿಸಿದಳು. ಅವಳ ಕಣ್ಣು ನನ್ನ ಹಣೆ, ನನ್ನ ಕಿವಿಯ ಪಕ್ಕದ ಕೂದಲು, ಮೂಗಿನ ಮೇಲಿನ ಕನ್ನಡಕದ ಗುರುತು, ಬಾಯಿಯ ಪಕ್ಕದ ಗೆರೆ, ಎಲ್ಲವನ್ನೂ ಒಂದೊಂದಾಗಿ ನೋಡಿತು. ಯಾರೂ ನನ್ನನ್ನು ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು.

"ತಲೆ ಎಲ್ಲ ಬೆಳ್ಗಾಗ್ಬುಟ್ಟೈತಲ್ಲ ಮಗ. ಇದೆಲ್ಲ ಯಾವಾಗಾಯ್ತು? ನಂಗ್ಯಾಕೆ ಯೋಳ್ಲಿಲ್ಲ?"

"ನೀನು ಯೋಳಿದ್ಯಾ ನಂಗೆ?" ಎಂದೆ. ಮಾತು ಮುಗಿಯುವ ಮುಂಚೆಯೇ ಅಳು ಬಂದುಬಿಟ್ಟಿತು.

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಅದೇ ಸೆರಗಿನಿಂದ ಮೊಳೆಯಲ್ಲಿದ್ದ ಹಿಟ್ಟಿನ ಕೋಲನ್ನು ಇಳಿಸಿ, ಅದರ ದೂಳನ್ನೂ ಒರೆಸಿದಳು. "ಎಸರಿಡು" ಎಂದಳು ಸೊಸೆಗೆ.